ಹಳೇ ಸ್ಟೀರಿಯೊ ಡಿಸ್‌ಪ್ಲೇ ಮಂಕಾಗಿದ್ಯಾ? ಗುಜರಿಗೆ ಹಾಕೋ ಮುಂಚೆ ಇದನ್ನ ಕೇಳಿ

ಮೆಟ್ರೋದಲ್ಲಿ ನಿಂತ್ಕೊಂಡು ಇಯರ್‌ಫೋನ್‌ನಲ್ಲಿ ಕೇಳ್ತಿರೋರಿಗೂ, ಆಫೀಸಲ್ಲಿ ಸದ್ದಿಲ್ಲದೆ ಈ ಬರಹ ಓದ್ತಿರೋರಿಗೂ ಇವತ್ತು ಒಂದೇ ಪ್ರಶ್ನೆ. ನಿಮ್ಮ ಮನೆ ಅಟ್ಟದ ಮೇಲೋ ಶೋಕೇಸ್‌ನಲ್ಲೋ ಒಂದು ಹಳೇ ಸ್ಟೀರಿಯೊ ಸೆಟ್ ಇದ್ಯಾ? ಆನ್ ಮಾಡಿದ್ರೆ ಹಾಡು ಚೆನ್ನಾಗೇ ಬರುತ್ತೆ. ಆದ್ರೆ ಮುಂದುಗಡೆ ಇರೋ ಆ ಹಸಿರು-ನೀಲಿ ಅಕ್ಷರಗಳು? ರೂಮಿನ ಲೈಟ್ ಆರಿಸಿ, ಮೂಗು ತಾಗಿಸಿ ನೋಡಿದ್ರೆ ಮಾತ್ರ ಕಾಣುತ್ತೆ.

ರಿಪೇರಿ ಅಂಗಡಿಗೆ ಹೊತ್ಕೊಂಡು ಹೋದ್ರೆ ಬಹುತೇಕ ಒಂದೇ ಉತ್ತರ: "ಡಿಸ್‌ಪ್ಲೇ ಹೋಗಿದೆ ಸಾರ್, ಪಾರ್ಟ್ ಸಿಗಲ್ಲ." ಈ ಮಾತಿನ ಎರಡನೇ ಅರ್ಧ ನಿಜ. ಪಾರ್ಟ್ ಸಿಗಲ್ಲ. ಆಗಿನ ಕಂಪನಿಗಳು ಒಂದೊಂದು ಮಾಡೆಲ್‌ಗೂ ಬೇರೆ ಬೇರೆ ವಿನ್ಯಾಸದ ಡಿಸ್‌ಪ್ಲೇ ಮಾಡಿಸ್ಕೊಳ್ತಿದ್ವು. ಒಂದರದ್ದು ಇನ್ನೊಂದಕ್ಕೆ ಕೂರಲ್ಲ. ಆದ್ರೆ ಮೊದಲ ಅರ್ಧ, ಅಂದ್ರೆ "ಡಿಸ್‌ಪ್ಲೇ ಹೋಗಿದೆ" ಅನ್ನೋದು ಎಷ್ಟೋ ಸಲ ಸುಳ್ಳು. ಡಿಸ್‌ಪ್ಲೇ ಗಟ್ಟಿಯಾಗೇ ಇರುತ್ತೆ, ಅದಕ್ಕೆ ಬರಬೇಕಾದ ವಿದ್ಯುತ್ ಸೊರಗಿರುತ್ತೆ. ಈ ಎರಡರ ವ್ಯತ್ಯಾಸ ಗೊತ್ತಾಗದೇ ಇದ್ರೆ ಒಳ್ಳೇ ಸೆಟ್ ಗುಜರಿಗೆ ಹೋಗುತ್ತೆ. ಅಥವಾ ಇನ್ನೂ ಕೆಟ್ಟದ್ದು: ಉಳೀಬೇಕಾಗಿದ್ದ ಡಿಸ್‌ಪ್ಲೇನ ನಾವೇ ಕೈಯಾರೆ ಸುಟ್ಟುಬಿಡ್ತೀವಿ.

ನಾನು ವಾರದ ಐದು ದಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡ್ತೀನಿ. ಶನಿವಾರ-ಭಾನುವಾರ ಮಲ್ಟಿಮೀಟರ್, ಸಾಲ್ಡರಿಂಗ್ ಐರನ್ ಹಿಡ್ಕೊಂಡು ಕೂರ್ತೀನಿ. ಬೇರೆಯವರ ಮನೆ ಸೆಟ್‌ಗಳನ್ನ ಬಿಚ್ಚಿ ಬಿಚ್ಚಿ ನನಗೆ ಗೊತ್ತಾಗಿರೋ ಕ್ರಮ ಒಂದಿದೆ. ಕಡಿಮೆ ಖರ್ಚಿನದ್ದು ಮೊದಲು, ಅಪಾಯದ್ದು ಕೊನೆಗೆ. ಅದನ್ನೇ ಇವತ್ತು ಹೇಳ್ತೀನಿ.

ಅದು ಯಾವ ಥರದ ಬೆಳಕು?

ಹಳೇ ಸೆಟ್‌ಗಳಲ್ಲಿ ಮುಖ್ಯವಾಗಿ ಮೂರು ಥರ. ಒಂದು, 70ರ ದಶಕದ ರಿಸೀವರ್‌ಗಳದ್ದು: ಗಾಜಿನ ಮೇಲೆ ಸ್ಟೇಷನ್ ನಂಬರ್ ಬರೆದಿರುತ್ತೆ, ಮುಳ್ಳು ಓಡಾಡುತ್ತೆ, ಹಿಂದುಗಡೆ ಪುಟಾಣಿ ಬಲ್ಬ್‌ಗಳು ಉರಿಯುತ್ತವೆ. ಎರಡು, 80-90ರ ದಶಕದ ಡೆಕ್, ಆಂಪ್ಲಿಫೈಯರ್, ಸಿಡಿ ಪ್ಲೇಯರ್‌ಗಳದ್ದು: ಅಕ್ಷರಗಳೇ ಹಸಿರು-ನೀಲಿಯಾಗಿ ಹೊಳೆಯುತ್ತವೆ. ಇದರ ಹೆಸರು ವ್ಯಾಕ್ಯೂಮ್ ಫ್ಲೂರೊಸೆಂಟ್ ಡಿಸ್‌ಪ್ಲೇ, ಚಿಕ್ಕದಾಗಿ ವಿಎಫ್‌ಡಿ. ಮೂರು, ಎಲ್‌ಸಿಡಿ: ಕ್ಯಾಲ್ಕುಲೇಟರ್ ಥರ ಕಪ್ಪಕ್ಷರ, ಹಿಂದೆ ಲೈಟು.

ಎಲ್‌ಸಿಡಿಯಲ್ಲಿ ಅಕ್ಷರ ಸರಿಯಾಗಿದ್ದು ಹಿನ್ನೆಲೆ ಮಾತ್ರ ಕತ್ತಲಾಗಿದ್ರೆ ಹಿಂದಿನ ಲೈಟ್ ಬದಲಾಯಿಸಿದ್ರೆ ಸಾಕು, ಕಥೆ ಮುಗೀತು. ಜನರನ್ನ ಹೆಚ್ಚು ಕಾಡೋದು ವಿಎಫ್‌ಡಿ. ಹಾಗಾಗಿ ಮೊದಲು ಅದನ್ನೇ ನೋಡೋಣ, ಬಲ್ಬ್ ವಿಷಯಕ್ಕೆ ಆಮೇಲೆ ಬರ್ತೀನಿ.

ಇದು ಒಂದು ವಾಲ್ವ್, ಕಣ್ರೀ

ವಿಎಫ್‌ಡಿ ಹುಟ್ಟಿದ್ದು ಜಪಾನ್‌ನಲ್ಲಿ, 1967ರಲ್ಲಿ, ಇಸೆ ಎಲೆಕ್ಟ್ರಾನಿಕ್ಸ್ ಅನ್ನೋ ಕಂಪನಿಯಲ್ಲಿ. ಆದ್ರೆ ಅದರ ಒಳಗಿನ ತತ್ವ ನಮ್ಮ ಪೀಣ್ಯ-ಜಾಲಹಳ್ಳಿ ಕಡೆಯವರಿಗೆ ಹೊಸದೇನಲ್ಲ. 1954ರಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್, ನಮ್ಮ ಬಾಯಲ್ಲಿ ಬಿಇಎಲ್, ಜಾಲಹಳ್ಳಿಯಲ್ಲಿ 1961ರಿಂದ ರೇಡಿಯೊ ವಾಲ್ವ್‌ಗಳನ್ನ ತಯಾರಿಸ್ತು. 1970ರ ಹೊತ್ತಿಗೆ ಕಪ್ಪು-ಬಿಳುಪು ಟಿವಿಯ ಪಿಕ್ಚರ್ ಟ್ಯೂಬ್ ಕೂಡ. ಆ ಕಾಲದಲ್ಲಿ ಅಲ್ಲಿ ವಾಲ್ವ್ ವಿಭಾಗದಲ್ಲಿದ್ದ ಹಿರಿಯರು ನಿಮ್ಮ ನೆಂಟರಲ್ಲಿ ಯಾರಾದ್ರೂ ಇದ್ರೆ ವಿಎಫ್‌ಡಿಯನ್ನ ಅವರ ಕೈಗೆ ಕೊಟ್ಟು ನೋಡಿ. ಒಂದೇ ನೋಟಕ್ಕೆ "ಇದು ಚಪ್ಪಟೆ ವಾಲ್ವು" ಅಂತಾರೆ.

ಒಳಗೆ ಏನಿದೆ? ಗಾಳಿ ಪೂರ್ತಿ ತೆಗೆದ ಗಾಜಿನ ಪೆಟ್ಟಿಗೆ. ಅದರೊಳಗೆ ಉದ್ದಕ್ಕೆ ಕೂದಲಿಗಿಂತ ತೆಳ್ಳಗಿನ ಟಂಗ್‌ಸ್ಟನ್ ತಂತಿಗಳು, ಇವೇ ಫಿಲಮೆಂಟ್. ಇವು ಸುಮಾರು 600 ಡಿಗ್ರಿ ಕಾಯುತ್ತವೆ, ಆದ್ರೂ ಕಣ್ಣಿಗೆ ಕೆಂಪು ಅಷ್ಟಾಗಿ ಕಾಣಲ್ಲ. ಕಾದ ತಂತಿಯ ಮೇಲಿನ ಲೇಪನದಿಂದ ಎಲೆಕ್ಟ್ರಾನ್ ಹೊರಡುತ್ತೆ. ಮಧ್ಯದಲ್ಲಿ ಸಣ್ಣ ಜಾಲರಿ, ಅದು ಗ್ರಿಡ್. ಯಾವ ಅಂಕಿಗೆ ಎಲೆಕ್ಟ್ರಾನ್ ಬಿಡಬೇಕು, ಯಾವುದಕ್ಕೆ ಬೇಡ ಅಂತ ನಿರ್ಧರಿಸೋ ಗೇಟು. ಕೆಳಗೆ ಅಕ್ಷರದ ಆಕಾರದಲ್ಲಿ ಸತುವಿನ ಆಕ್ಸೈಡ್‌ನಿಂದ ಮಾಡಿದ ಫಾಸ್ಫರ್ ಪುಡಿ ಮೆತ್ತಿರುತ್ತೆ. ಎಲೆಕ್ಟ್ರಾನ್ ಬಂದು ಬಡಿದಾಗ ಅದು ಹಸಿರು-ನೀಲಿಯಾಗಿ ಹೊಳೆಯುತ್ತೆ.

ಇಲ್ಲಿ ಒಂದು ವಿಷಯ ತಲೇಲಿ ಇಟ್ಕೊಳ್ಳಿ. ಈ ಬೆಳಕು ಬರೋಕೆ ಎರಡು ಬೇರೆ ಬೇರೆ ಸಪ್ಲೈ ಬೇಕು. ಫಿಲಮೆಂಟ್ ಕಾಯಿಸೋಕೆ ಒಂದು, ಸಾಮಾನ್ಯವಾಗಿ 2ರಿಂದ 5 ವೋಲ್ಟ್ ಎಸಿ. ಎಲೆಕ್ಟ್ರಾನ್‌ಗಳನ್ನ ಜೋರಾಗಿ ಎಳೆಯೋಕೆ ಇನ್ನೊಂದು, ಆಡಿಯೊ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಮೈನಸ್ 25ರಿಂದ ಮೈನಸ್ 35 ವೋಲ್ಟ್ ಆಸುಪಾಸು. ಎರಡರಲ್ಲಿ ಯಾವುದು ಕಡಿಮೆ ಆದ್ರೂ ಬೆಳಕು ಕುಗ್ಗುತ್ತೆ. ಹಾಡು ಮಾತ್ರ ಮಾಮೂಲಾಗೇ ಬರ್ತಿರುತ್ತೆ, ಯಾಕಂದ್ರೆ ಆಂಪ್ಲಿಫೈಯರ್‌ನ ಸಪ್ಲೈ ಬೇರೆ. "ಸೌಂಡ್ ಸರಿಯಾಗಿದೆ, ಹಾಗಾದ್ರೆ ಹೋಗಿರೋದು ಡಿಸ್‌ಪ್ಲೇನೇ" ಅನ್ನೋ ತೀರ್ಮಾನ ತಪ್ಪಾಗೋದು ಇಲ್ಲೇ.

ಸ್ಕ್ರೂ ಬಿಚ್ಚದೇ ಮಾಡೋ ಪರೀಕ್ಷೆ

ಮೊದಲು ಡಿಮ್ಮರ್. ನಗಬೇಡಿ. ಎಷ್ಟೋ ಸೆಟ್‌ಗಳಲ್ಲಿ, ಇಲ್ಲಾಂದ್ರೆ ಅದರ ರಿಮೋಟ್‌ನಲ್ಲಿ, ಬೆಳಕು ತಗ್ಗಿಸೋ ಬಟನ್ ಇರುತ್ತೆ. ಅದನ್ನ ಒಂದು ಸಲ ಒತ್ತಿ ನೋಡಿ.

ಆಮೇಲೆ ಕೊಳೆ. ಡಿಸ್‌ಪ್ಲೇ ಮುಂದೆ ಕಪ್ಪು ಛಾಯೆಯ ಪ್ಲಾಸ್ಟಿಕ್ ಕಿಟಕಿ ಇರುತ್ತೆ. ಸೆಟ್ ಇಷ್ಟು ವರ್ಷ ದೇವರ ಗೂಡಿನ ಕೆಳಗೆ ಇತ್ತು ಅಂದ್ರೆ ಊದುಬತ್ತಿ ಹೊಗೆ ಒಳಗೂ ಹೊಕ್ಕು ಜಿಡ್ಡಿನ ಪರದೆ ಕಟ್ಟಿರುತ್ತೆ. ಹೊರಗಡೆ ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆಯಿಂದ ಒರೆಸಿ. ಥಿನ್ನರ್, ಪೆಟ್ರೋಲ್ ಬೇಡ, ಪ್ಲಾಸ್ಟಿಕ್ ಮೇಲಿನ ಅಕ್ಷರಗಳೆಲ್ಲ ಎದ್ದು ಬರುತ್ತವೆ.

ಇನ್ನು ಮುಖ್ಯವಾದ ಪರೀಕ್ಷೆ. ನಿಮ್ಮಲ್ಲಿ ಓಎಲ್‌ಇಡಿ ಫೋನ್ ಇರೋರಿಗೆ ಬರ್ನ್-ಇನ್ ಅಂದ್ರೆ ಗೊತ್ತು. ಸದಾ ಒಂದೇ ಜಾಗದಲ್ಲಿ ಉರಿಯೋ ಐಕಾನ್‌ನ ಕಲೆ ಪರದೆ ಮೇಲೆ ಉಳ್ಕೊಂಡುಬಿಡುತ್ತೆ. ವಿಎಫ್‌ಡಿಯ ಫಾಸ್ಫರ್ ಸವೆಯೋದೂ ಹಾಗೇ: ಎಷ್ಟು ಉರಿದಿದೆಯೋ ಅಷ್ಟು ಸವೆತ. ಸ್ಟ್ಯಾಂಡ್‌ಬೈನಲ್ಲಿ ಗಡಿಯಾರ ತೋರಿಸ್ತಾ ಕೂತ ಸೆಟ್ ವರ್ಷಕ್ಕೆ 8,760 ಗಂಟೆ ಉರಿದಿರುತ್ತೆ. ಹತ್ತು ವರ್ಷಕ್ಕೆ 87,600 ಗಂಟೆ.

ಹಾಗಾಗಿ ರೂಮು ಕತ್ತಲು ಮಾಡಿ. ನೀವು ಯಾವತ್ತೂ ಬಳಸದ ಬಟನ್‌ಗಳನ್ನ ಒತ್ತಿ: ಟೈಮರ್, ಎಎಂ ಬ್ಯಾಂಡ್, ಪ್ರೋಗ್ರಾಮ್. ಅಪರೂಪಕ್ಕೆ ಉರಿಯೋ ಆ ಅಕ್ಷರಗಳು ಪಳಪಳ ಹೊಳೆದು, ದಿನಾ ಉರಿಯೋ ಗಡಿಯಾರದ ಅಂಕಿ ಮಾತ್ರ ಮಂಕಾಗಿದ್ರೆ ಟ್ಯೂಬ್ ಸವೆದಿದೆ. ಎಲ್ಲಾ ಅಕ್ಷರಗಳೂ ಒಂದೇ ಸಮ ಮಂಕಾಗಿದ್ರೆ, ಅಥವಾ ಬೆಳಕು ಸಣ್ಣಗೆ ನಡುಗ್ತಿದ್ರೆ ಖುಷಿ ಪಡಿ, ಅನುಮಾನ ಸಪ್ಲೈ ಮೇಲೆ. ಅಡ್ಡಡ್ಡ ಒಂದು ಪಟ್ಟಿ ಮಾತ್ರ ಕತ್ತಲಾಗಿದ್ರೆ ಅಲ್ಲಿನ ಫಿಲಮೆಂಟ್ ತಂತಿ ತುಂಡಾಗಿದೆ. ಅದಕ್ಕೆ ಮದ್ದಿಲ್ಲ.

ಕಿಟಕಿ ತೆಗೆದಾಗ ಇನ್ನೊಂದು ಕುರುಹು ಸಿಗುತ್ತೆ. ಗಾಜಿನ ಒಳಗೆ ಒಂದು ಮೂಲೇಲಿ ಕನ್ನಡಿ ಥರದ ಮಚ್ಚೆ ಇರುತ್ತೆ. ಅದು ಹೊಳಪಾಗಿ ಅಥವಾ ಕಪ್ಪಗಿದ್ರೆ ಒಳಗಿನ ನಿರ್ವಾತ ಸರಿಯಾಗಿದೆ. ಹಾಲಿನ ಹಾಗೆ ಬೆಳ್ಳಗಾಗಿದ್ರೆ ಗಾಳಿ ಹೊಕ್ಕಿದೆ ಅಂತರ್ಥ. ಅಲ್ಲಿಗೆ ನಿಲ್ಲಿಸಿ.

ಕವರ್ ತೆಗೆಯೋ ಮುಂಚೆ

ಈ ಭಾಗವನ್ನ ದಯವಿಟ್ಟು ಫಾಸ್ಟ್ ಫಾರ್ವರ್ಡ್ ಮಾಡಬೇಡಿ. ಪ್ಲಗ್ ಕಿತ್ತಿಟ್ಟ ಮೇಲೂ ಆಂಪ್ಲಿಫೈಯರ್‌ನ ದೊಡ್ಡ ಕೆಪ್ಯಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತೆ. ಹತ್ತು-ಹದಿನೈದು ನಿಮಿಷ ಬಿಡಿ, ಆಮೇಲೆ ಮಲ್ಟಿಮೀಟರ್ ಇಟ್ಟು ಒಂದೆರಡು ವೋಲ್ಟ್‌ಗೆ ಇಳಿದಿದೆ ಅಂತ ಖಾತ್ರಿ ಮಾಡ್ಕೊಳ್ಳಿ. ಸ್ಕ್ರೂಡ್ರೈವರ್ ಇಟ್ಟು ಶಾರ್ಟ್ ಮಾಡೋ ಸಾಹಸ ಬೇಡ.

ಸೆಟ್ ಆನ್ ಇದ್ದಾಗ ಅಳೀಬೇಕಾದ್ರೆ ಮೀಟರ್‌ನ ಕಪ್ಪು ತಂತಿಯನ್ನ ಮೊದಲೇ ಕ್ರೊಕಡೈಲ್ ಕ್ಲಿಪ್‌ನಿಂದ ಸರ್ಕ್ಯೂಟ್‌ನ ಗ್ರೌಂಡ್‌ಗೆ ಕಚ್ಚಿಸಿ. ಕೆಂಪು ತಂತಿ ಒಂದು ಕೈಯಲ್ಲಿ, ಇನ್ನೊಂದು ಕೈ ಜೇಬಲ್ಲಿ. ಮೇನ್ಸ್ ವೈರ್ ಬರೋ ಜಾಗದ ಹತ್ತಿರ ಹೋಗಲೇಬೇಡಿ. ಒಳಗೆ ದೊಡ್ಡ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಕಾಣ್ತಿಲ್ಲ, ಮೊಬೈಲ್ ಚಾರ್ಜರ್ ಥರದ ಎಸ್‌ಎಂಪಿಎಸ್ ಬೋರ್ಡ್ ಇದೆ ಅಂದ್ರೆ ಹೊಸಬರು ಅಲ್ಲಿಗೇ ಕವರ್ ಮುಚ್ಚಿ, ಗೊತ್ತಿರೋರ ಹತ್ರ ಕೊಡಿ. ವಿಎಫ್‌ಡಿ ಗಾಜಿನ ಒಂದು ಬದಿಯಲ್ಲಿ ಮೊನಚಾದ ತುದಿ ಇರುತ್ತೆ, ಅದಕ್ಕೆ ಪೆಟ್ಟು ಬಿದ್ರೆ ನಿರ್ವಾತ ಹೋಗಿ ಟ್ಯೂಬ್ ಸತ್ತ ಹಾಗೇ.

ಕಣ್ಣಿನ ದೋಷ ಅಂದ್ಕೊಂಡಿದ್ದ ಯಜಮಾನರು

ಒಂದು ಉದಾಹರಣೆ ಹೇಳ್ತೀನಿ. ವೈಟ್‌ಫೀಲ್ಡ್‌ನಲ್ಲಿರೋ ನನ್ನ ಸ್ನೇಹಿತನ ತಂದೆ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. 90ರ ದಶಕದಲ್ಲಿ ಕಂತಿನ ಮೇಲೆ ಒಂದು ಸ್ಟೀರಿಯೊ ಸೆಟ್ ತಗೊಂಡಿದ್ರು. ಅವರ ತಾಯಿ ಹಾಡಿದ ಸೋಬಾನೆ ಪದಗಳು ಎರಡು ಕ್ಯಾಸೆಟ್‌ನಲ್ಲಿವೆ. ಯಾವ ಪದ ಎಲ್ಲಿದೆ ಅಂತ ಕ್ಯಾಸೆಟ್ ಕವರ್ ಮೇಲೆ ಟೇಪ್ ಕೌಂಟರ್‌ನ ನಂಬರ್ ಬರೆದಿಟ್ಟಿದ್ದಾರೆ. ಕೌಂಟರ್ ಕಾಣೋದು ಡಿಸ್‌ಪ್ಲೇನಲ್ಲಿ. ಡಿಸ್‌ಪ್ಲೇ ವರ್ಷ ವರ್ಷಕ್ಕೂ ನಿಧಾನವಾಗಿ ಮಂಕಾಗ್ತಾ ಬಂದಿದ್ದರಿಂದ ಅವರಿಗೆ ಅದು ಸೆಟ್‌ನ ದೋಷ ಅಂತ ಹೊಳೆದೇ ಇರಲಿಲ್ಲ. "ಪೊರೆ ಆಪರೇಷನ್ ಆದ್ರೂ ಕಣ್ಣು ಸರಿ ಹೋಗ್ಲಿಲ್ಲ" ಅಂತ ತಮ್ಮನ್ನೇ ಬೈಕೋತಿದ್ರು. ಕ್ಯಾಸೆಟ್ ಹಾಕೋದನ್ನೇ ಬಿಟ್ಟಿದ್ರು. ಮಗ ಒಂದು ಅಂಗಡಿಯಲ್ಲಿ ಕೇಳಿದಾಗ ಅದೇ ಉತ್ತರ, ಪಾರ್ಟ್ ಸಿಗಲ್ಲ, ತೂಕಕ್ಕೆ ಹಾಕಿ ಅಂತ.

ಕತ್ತಲಲ್ಲಿ ನೋಡಿದೆ. ಎಲ್ಲಾ ಅಕ್ಷರಗಳೂ ಒಂದೇ ಸಮ ಮಂಕು, ಸ್ವಲ್ಪ ನಡುಕ. ಆ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್ ಇಂಟರ್‌ನೆಟ್‌ನಲ್ಲಿ ಸಿಕ್ತು. ಅದರಲ್ಲಿ ಡಿಸ್‌ಪ್ಲೇ ಪಿನ್‌ಗಳ ಪಟ್ಟಿ ಇರುತ್ತೆ. ಎಫ್1, ಎಫ್2 ಅಂದ್ರೆ ಫಿಲಮೆಂಟ್. ಮೈನಸ್ ವಿಪಿ ಅಂತಲೋ ಅದೇ ಥರದ ಹೆಸರಲ್ಲೋ ಇರೋದು ಎಳೆಯೋ ಸಪ್ಲೈ. ಎಫ್1-ಎಫ್2 ನಡುವೆ ಎಸಿ ಸರಿಯಾಗಿತ್ತು. ಮೈನಸ್ ಲೈನ್‌ನಲ್ಲಿ 30 ವೋಲ್ಟ್ ಇರಬೇಕಾಗಿತ್ತು, ಮೀಟರ್ ತೋರಿಸಿದ್ದು 19. ಅದೇ ಜಾಗದಲ್ಲಿ ಮೀಟರ್‌ನ ಎಸಿಗೆ ತಿರುಗಿಸಿದ್ರೆ ನಾಲ್ಕು ವೋಲ್ಟ್ ಹತ್ತಿರ ಏರಿಳಿತ. ನಡುಕಕ್ಕೆ ಕಾರಣ ಅದೇ.

ಕಾರಣ ಒಂದು ಕಿರುಬೆರಳಿನ ಗಾತ್ರದ ಎಲೆಕ್ಟ್ರೊಲೈಟಿಕ್ ಕೆಪ್ಯಾಸಿಟರ್. ಅದರೊಳಗೆ ದ್ರವ ಇರುತ್ತೆ, ಬಿಸಿಗೆ ನಿಧಾನವಾಗಿ ಒಣಗುತ್ತೆ. ಅಂದಾಜಿನ ಲೆಕ್ಕ ಏನಂದ್ರೆ, ಪ್ರತಿ 10 ಡಿಗ್ರಿ ಬಿಸಿ ಏರಿದ್ರೆ ಅದರ ಆಯಸ್ಸು ಅರ್ಧ ಆಗುತ್ತೆ. ಈ ಸೆಟ್‌ನಲ್ಲಿ ಅದು ಸದಾ ಕಾಯೋ ಒಂದು ರೆಸಿಸ್ಟರ್‌ಗೆ ಅಂಟ್ಕೊಂಡೇ ಕೂತಿತ್ತು. ಆ ರೆಸಿಸ್ಟರ್‌ನ ಕಾಲಿನ ಸುತ್ತ ಸಾಲ್ಡರ್ ಬಳೆಯಾಕಾರದಲ್ಲಿ ಬಿರುಕು ಬಿಟ್ಟಿತ್ತು. ಅದಕ್ಕೆ ಹೊಸ ಸಾಲ್ಡರ್ ಹಾಕಿ, ಕೆಪ್ಯಾಸಿಟರ್ ಬದಲಾಯಿಸಿದೆ. ಮೀಟರ್ 29.6 ತೋರಿಸ್ತು. ಕೆಪ್ಯಾಸಿಟರ್ ಬೆಲೆ ದರ್ಶಿನಿಯ ಒಂದು ಕಾಫಿಗಿಂತ ಕಮ್ಮಿ. ಯಜಮಾನರು ಕನ್ನಡಕ ತೆಗೆದು, ಮತ್ತೆ ಹಾಕ್ಕೊಂಡು ನೋಡಿದ್ರು. ಆಮೇಲೆ ಏನೂ ಮಾತಾಡದೆ ಒಳಗೆ ಹೋಗಿ ಕ್ಯಾಸೆಟ್ ತಂದ್ರು.

ನೀವೇ ಬದಲಾಯಿಸೋದಾದ್ರೆ ಮೂರು ಮಾತು. ಮೈಕ್ರೊಫ್ಯಾರಡ್ ಮೌಲ್ಯ ಮೊದಲಿನಷ್ಟೇ ಇರಲಿ. ವೋಲ್ಟ್ ರೇಟಿಂಗ್ ಅಷ್ಟೇ ಅಥವಾ ಸ್ವಲ್ಪ ಹೆಚ್ಚು ಇರಲಿ, 105 ಡಿಗ್ರಿಯದ್ದು ತಗೊಳ್ಳಿ. ಮೂರನೇದು ತುಂಬಾ ಮುಖ್ಯ: ಇದು ಮೈನಸ್ ಸಪ್ಲೈ. ಹಾಗಾಗಿ ಇಲ್ಲಿ ಕೆಪ್ಯಾಸಿಟರ್‌ನ ಪ್ಲಸ್ ಕಾಲು ಗ್ರೌಂಡ್‌ಗೆ ಹೋಗುತ್ತೆ. ಮಾಮೂಲಿ ಅಭ್ಯಾಸದಲ್ಲಿ ಉಲ್ಟಾ ಹಾಕಿದ್ರೆ ಅದು ಸಿಡಿಯುತ್ತೆ. ಹಳೇದನ್ನ ತೆಗೆಯೋ ಮುಂಚೆ ಫೋನ್‌ನಲ್ಲಿ ಒಂದು ಫೋಟೊ ತೆಗೆದಿಟ್ಕೊಳ್ಳಿ.

ಟ್ಯೂಬೇ ಸವೆದಿದ್ರೆ?

ಎರಡೂ ಸಪ್ಲೈ ಸರಿಯಾಗಿದ್ದು, ಗಡಿಯಾರದ ಅಂಕಿ ಮಾತ್ರ ಮಂಕು ಅಂದ್ರೆ ಒಪ್ಕೋಬೇಕು. ಸವೆದ ಫಾಸ್ಫರ್ ಮತ್ತೆ ಬರಲ್ಲ.

ಯೂಟ್ಯೂಬ್‌ನಲ್ಲಿ ಒಂದು ಉಪಾಯ ಓಡಾಡ್ತಿದೆ: ಫಿಲಮೆಂಟ್‌ಗೆ ಸ್ವಲ್ಪ ಹೊತ್ತು ಹೆಚ್ಚು ವೋಲ್ಟ್ ಕೊಟ್ಟು ಕಾಯಿಸೋದು. ಫಿಲಮೆಂಟ್‌ನಿಂದ ಎಲೆಕ್ಟ್ರಾನ್ ಹೊರಡೋದೇ ಕಡಿಮೆ ಆಗಿದ್ರೆ ಇದು ಕೆಲವೊಮ್ಮೆ ಕೆಲಸ ಮಾಡುತ್ತೆ ನಿಜ. ಆದ್ರೆ ಸವೆದ ಫಾಸ್ಫರ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಆ ತಂತಿ ಎಷ್ಟು ತೆಳು ಅಂತ ಆಗಲೇ ಹೇಳಿದೆ, ಒಂದು ಕ್ಷಣ ಜಾಸ್ತಿ ಆದ್ರೆ ತುಂಡು. ಸಪ್ಲೈ ಅಳೆಯದೇ ಮೊದಲ ಹೆಜ್ಜೆಯಾಗಿ ಇದನ್ನ ಮಾಡೋದು ಅಂದ್ರೆ ಜ್ವರ ನೋಡದೇ ಆಪರೇಷನ್ ಮಾಡಿದ ಹಾಗೆ. ಎಳೆಯೋ ವೋಲ್ಟೇಜ್ ಹೆಚ್ಚಿಸೋದೂ ಬೇಡ. ಡಿಸ್‌ಪ್ಲೇನ ನಡೆಸೋ ಚಿಪ್‌ಗೆ ಒಂದು ಮಿತಿ ಇದೆ. ಅದು ಸುಟ್ಟರೆ ಮಂಕು ಬೆಳಕೂ ಇರಲ್ಲ.

ಹಾಗಾದ್ರೆ ಏನ್ ಮಾಡಬಹುದು? ಒಂದು, ಮುಂದಿನ ಕಪ್ಪು ಛಾಯೆಯ ಕಿಟಕಿ ಬದಲು ತೆಳು ಛಾಯೆಯದ್ದು ಹಾಕಬಹುದು. ನೋಟ ಸ್ವಲ್ಪ ಬದಲಾಗುತ್ತೆ, ಓದೋಕೆ ಬರುತ್ತೆ. ಎರಡು, ಅದೇ ಮಾಡೆಲ್‌ನ ಕೆಟ್ಟ ಸೆಟ್ ಹುಡುಕಿ ಅದರ ಟ್ಯೂಬ್ ತೆಗೆದು ಹಾಕಬಹುದು. ಸೌಂಡ್ ಬರದ ಸೆಟ್‌ನ ಡಿಸ್‌ಪ್ಲೇ ಹೆಚ್ಚಾಗಿ ಚೆನ್ನಾಗಿರುತ್ತೆ, ಯಾಕಂದ್ರೆ ಅದು ಬೇಗ ಮೂಲೆ ಸೇರಿರುತ್ತೆ. ಮೂರು, ಉಳಿದ ಬೆಳಕನ್ನ ಉಳಿಸ್ಕೊಳ್ಳೋದು. ಕೇಳದೇ ಇದ್ದಾಗ ಗೋಡೆಯ ಸ್ವಿಚ್ ಆರಿಸಿ. ಮತ್ತೆ ಹಾಕಿದಾಗ ಗಡಿಯಾರ ಹೊಂದಿಸ್ಬೇಕು, ಅಷ್ಟೇ ಕಷ್ಟ.

ಬಲ್ಬ್ ಇರೋ ಸೆಟ್‌ಗಳು

70ರ ದಶಕದ ರಿಸೀವರ್‌ಗಳ ಕಥೆ ಸುಲಭ. ಬಲ್ಬ್‌ನ ಟಂಗ್‌ಸ್ಟನ್ ಆವಿಯಾಗಿ ಗಾಜಿನ ಒಳಮೈಗೆ ಕಪ್ಪಗೆ ಮೆತ್ಕೊಳ್ಳುತ್ತೆ, ಬೆಳಕು ಕುಗ್ಗುತ್ತೆ. ಹಿಂದಿರೋ ಬಿಳಿ ಕಾಗದ ಬಿಸಿಗೆ ಕಂದಾಗಿರುತ್ತೆ. ಇನ್ನೊಂದು ವಿಷಯ: ಹಳೇ ಸೆಟ್‌ನ ಹಿಂದೆ 220 ವೋಲ್ಟ್ ಅಂತ ಬರೆದಿರುತ್ತೆ, ನಮ್ಮ ಮನೆಗೆ ಬರೋದು 230. ಬಲ್ಬ್‌ಗೆ ವೋಲ್ಟೇಜ್ ಶೇ 5ರಷ್ಟು ಹೆಚ್ಚಾದ್ರೂ ಆಯಸ್ಸು ಹೆಚ್ಚುಕಮ್ಮಿ ಅರ್ಧ ಆಗುತ್ತೆ. ಅಮೆರಿಕ ಅಥವಾ ಜಪಾನ್‌ನಿಂದ ಯಾರೋ ಸೂಟ್‌ಕೇಸ್‌ನಲ್ಲಿ ತಂದ ಸೆಟ್ ಆಗಿದ್ರೆ ಅದು 120 ಅಥವಾ 100 ವೋಲ್ಟ್‌ದು. ಸರಿಯಾದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೇ ಪ್ಲಗ್ ಹಾಕಲೇಬೇಡಿ.

ಬಲ್ಬ್ ಜಾಗಕ್ಕೆ ಎಲ್‌ಇಡಿ ಹಾಕ್ತೀನಿ ಅಂದ್ರೆ ಹಾಕಿ. ಬಿಸಿ ಕಮ್ಮಿ, ಬಾಳಿಕೆ ಜಾಸ್ತಿ. ಆದ್ರೆ ಎಷ್ಟೋ ಸೆಟ್‌ಗಳಲ್ಲಿ ಬಲ್ಬ್‌ಗೆ ಎಸಿ ಬರುತ್ತೆ, ಹಾಗಾಗಿ ಎಸಿಯಲ್ಲೂ ನಡೆಯೋ ಎಲ್‌ಇಡಿ ಕೇಳಿ ತಗೊಳ್ಳಿ, ಇಲ್ಲಾಂದ್ರೆ ಮಿಣುಕುತ್ತೆ. ಬಿಳಿ ಬೇಡ, ವಾರ್ಮ್ ವೈಟ್ ಇರಲಿ. ಮುಂದಿನ ನೀಲಿ ಅಥವಾ ಹಸಿರು ಹಾಳೆಯನ್ನ ಬಲ್ಬ್‌ನ ಹಳದಿ ಬೆಳಕು ಲೆಕ್ಕಕ್ಕಿಟ್ಟು ಮಾಡಿರ್ತಾರೆ.

ಸಾಮಾನು ಎಲ್ಲಿ ಸಿಗುತ್ತೆ?

ಕೆಪ್ಯಾಸಿಟರ್, ಬಲ್ಬ್, ಎಲ್‌ಇಡಿ ಎಲ್ಲಕ್ಕೂ ಎಸ್‌ಪಿ ರೋಡ್. ಈಗ ಹೋಗೋದು ಸುಲಭ. 2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೋ ಶುರುವಾದ ಮೇಲೆ ಎಲೆಕ್ಟ್ರಾನಿಕ್ ಸಿಟಿಯಿಂದ ಆರ್‌ವಿ ರಸ್ತೆಗೆ ಬಂದು, ಹಸಿರು ಮಾರ್ಗಕ್ಕೆ ಬದಲಾಯಿಸಿ ಚಿಕ್ಕಪೇಟೆಯಲ್ಲಿ ಇಳಿದ್ರೆ ಅಲ್ಲಿಂದ ನಡಿಗೆ ದೂರ. ವೈಟ್‌ಫೀಲ್ಡ್‌ನವರು ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ. ಪೀಣ್ಯ, ಜಾಲಹಳ್ಳಿಯವರಿಗೆ ಒಂದೇ ರೈಲು. ಹೋಗೋವಾಗ ಹಳೇ ಬಿಡಿಭಾಗ ಜೇಬಲ್ಲಿ ಇಟ್ಕೊಂಡು ಹೋಗಿ, ಕೌಂಟರ್‌ನಲ್ಲಿ ಸಾವಿರ ಮಾತಿಗಿಂತ ಅದು ಬೇಗ ಕೆಲಸ ಮಾಡುತ್ತೆ. ಟ್ರಾನ್ಸ್‌ಫಾರ್ಮರ್ ಸುಟ್ಟಿದ್ರೆ ಪೀಣ್ಯ ಕಡೆ ವೈಂಡಿಂಗ್ ಮಾಡಿಕೊಡೋ ಸಣ್ಣ ಶೆಡ್‌ಗಳನ್ನ ವಿಚಾರಿಸಿ.

ಇಷ್ಟೆಲ್ಲ ಕೇಳಿದ ಮೇಲೂ ಕೆಲವರಿಗೆ ಅನ್ನಿಸಬಹುದು, ಹಾಡು ಫೋನಲ್ಲೇ ಸಿಗುತ್ತಲ್ಲ, ಇದೆಲ್ಲ ಯಾಕೆ ಅಂತ. ಫೋನಲ್ಲಿ ಸಿಗೋದು ಎಲ್ಲರಿಗೂ ಸಿಗೋ ಹಾಡು. ನಿಮ್ಮ ಮನೇಲಿ ಮಾತ್ರ ಇರೋ ದನಿ ಯಾವುದೋ ಕ್ಯಾಸೆಟ್‌ನಲ್ಲಿದ್ರೆ ಅದನ್ನ ನುಡಿಸೋ ಯಂತ್ರ ಚಾಲ್ತಿಯಲ್ಲಿರಬೇಕು, ಕನಿಷ್ಠ ಅದನ್ನ ಡಿಜಿಟಲ್‌ಗೆ ಇಳಿಸ್ಕೊಳ್ಳೋವರೆಗಾದ್ರೂ.

ಇವತ್ತು ರಾತ್ರಿ ಮಾಡೋ ಕೆಲಸ ಇಷ್ಟೇ: ಸೆಟ್ ಆನ್ ಮಾಡಿ, ರೂಮಿನ ಲೈಟ್ ಆರಿಸಿ, ಎಲ್ಲಾ ಬಟನ್ ಒಂದೊಂದಾಗಿ ಒತ್ತಿ. ಎಲ್ಲಾ ಅಕ್ಷರವೂ ಒಂದೇ ಸಮ ಮಂಕಾ, ಕೆಲವು ಮಾತ್ರಾನಾ? ಅದನ್ನ ಒಂದು ಚೀಟಿಯಲ್ಲಿ ಬರೆದಿಟ್ಕೊಂಡು ರಿಪೇರಿಯವರ ಹತ್ರ ಹೋಗಿ. "ಡಿಸ್‌ಪ್ಲೇ ಹೋಗಿದೆ" ಅಂತ ಅವರು ಅಂದ್ರೆ "ಮೈನಸ್ ಸಪ್ಲೈ ಎಷ್ಟಿದೆ ಅಂತ ಒಮ್ಮೆ ಅಳೆದು ನೋಡ್ತೀರಾ?" ಅಂತ ಕೇಳಿ.